ಕೆರೆಗೊಂದು ಕೋಡಿ, ಮನಸ್ಸಿಗೊಂದು ಮಾತು

(ವಡಗೇರಾದಲ್ಲಿ ಸೆಪ್ಟೆಂಬರ್ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ನೀರಾವರಿ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನಾನು ಪ್ರವಚನಕಾರನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಕಾಲುವೆ, ತೂಬು, ಸೇತುವೆಗಳ ನಡುವೆ ಬದುಕಿದವನು. ಈ ವೇದಿಕೆಗೆ ಕರೆದಾಗಲೆಲ್ಲ ಕಾಯಕದ ಮೇಲೆಯೋ ದಾಸೋಹದ ಮೇಲೆಯೋ ಮಾತಾಡಿ ಕೂತಿದ್ದೇನೆ. ಈ ಸಲ ಮಾತ್ರ ವಿಷಯವನ್ನು ನಾನೇ ಕೇಳಿ ಪಡೆದೆ. ಸೆಪ್ಟೆಂಬರ್ 10ನ್ನು ಜಗತ್ತಿನಾದ್ಯಂತ ಆತ್ಮಹತ್ಯೆ ತಡೆ ದಿನವೆಂದು 2003ರಿಂದ ಆಚರಿಸುತ್ತಾರೆ. ಅದರ ನೆಪದಲ್ಲಿ, ಮಠದ ಅಂಗಳದಲ್ಲಿ ನಾವು ಯಾವತ್ತೂ ಬಾಯಿಬಿಟ್ಟು ಆಡದ ಒಂದು ಮಾತನ್ನು ಆಡಬೇಕೆಂದಿದ್ದೇನೆ. ಪೂಜ್ಯರು ಒಪ್ಪಿದರು. ಅವರಿಗೆ ನಾನು ಋಣಿ.

ಮೊದಲು ನನ್ನ ಮನೆಯ ಕಥೆ.

1998ರ ಬೇಸಿಗೆ. ಹಿಂದಿನ ಹಂಗಾಮಿನಲ್ಲಿ ನಮ್ಮ ಭಾಗದ ತೊಗರಿ ಕೈಕೊಟ್ಟಿತ್ತು. ಅಕಾಲದ ಮಳೆ ಒಂದು ಕಡೆ, ಕಾಯಿಕೊರಕ ಹುಳ ಇನ್ನೊಂದು ಕಡೆ. ಊರಲ್ಲಿ ಹೊಲ ನೋಡಿಕೊಂಡಿದ್ದ ನನ್ನ ತಮ್ಮ ಒಂದು ಸಂಜೆ ನನ್ನ ಸರ್ಕಾರಿ ವಸತಿಗೃಹಕ್ಕೆ ಬಂದ. ಅವನಿಗೆ ಆಗ ಮೂವತ್ತಮೂರು. ಊಟ ಸೇರಲಿಲ್ಲ, ನಾಲ್ಕು ತುತ್ತಿಗೇ ಕೈ ತೊಳೆದ. ರಾತ್ರಿ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಸಾಲದ ಲೆಕ್ಕ ಹೇಳಿದ. ಅಂಗಡಿಯವನದು ಇಷ್ಟು, ಸೊಸೈಟಿಯದು ಇಷ್ಟು, ಕೈಗಡ ಇಷ್ಟು. ನಾನು ಇಂಜಿನಿಯರ್ ಅಲ್ಲವೇ, ಒಂದು ಹಾಳೆ ತಗೊಂಡೆ. ಅಸಲು, ಬಡ್ಡಿ, ವರ್ಷದ ಕಂತು ಎಲ್ಲ ಬರೆದು ಕೆಳಗೆ ಗೆರೆ ಎಳೆದು ತೋರಿಸಿದೆ: "ನೋಡು, ಐದು ವರ್ಷಕ್ಕ ಎಲ್ಲಾ ತೀರ್ತದ. ನಾನೂ ಒಂದಿಷ್ಟು ಕೊಡ್ತೀನಿ."

ಅವನು ಹಾಳೆಯ ಕಡೆ ಸರಿಯಾಗಿ ನೋಡಲೂ ಇಲ್ಲ. "ಅದಲ್ಲಣ್ಣಾ, ನಾ ಇರೂದ್ರಿಂದನ ನಿಮಗೆಲ್ಲಾ ವಜ್ಜಿ ಆಗ್ಯದ" ಅಂದ.

"ಹುಚ್ಚರಂಗ ಮಾತಾಡಬ್ಯಾಡ, ಹೋಗಿ ಮಕ್ಕೋ" ಅಂದೆ ನಾನು.

ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದ. ಹನ್ನೆರಡನೆಯ ದಿನ ಅವನು ತನ್ನ ಜೀವ ತಾನೇ ಕಳೆದುಕೊಂಡ ಸುದ್ದಿ ಬಂತು. ಆ ಹಾಳೆ ಅವನ ಕಿಸೆಯಲ್ಲೇ ಇತ್ತು.

ಊರಿಗೆಲ್ಲ ಗೊತ್ತಿತ್ತು. ಆದರೂ ಕಾರ್ಯದ ಕಾರ್ಡಿನಲ್ಲಿ "ಹೃದಯಾಘಾತದಿಂದ ಲಿಂಗೈಕ್ಯ" ಎಂದು ಅಚ್ಚು ಹಾಕಿಸಿದವನು ನಾನು. ಅಂದಿನಿಂದ ಬೀಗರಿಗೆ, ಸಹೋದ್ಯೋಗಿಗಳಿಗೆ, ಅವನ ಮಗಳ ಮದುವೆ ಮಾತಿಗೆ ಬಂದವರಿಗೆ ಅದೇ ಮಾತು ಹೇಳಿದ್ದೇನೆ. ಇಲ್ಲಿ ಕೂತವರಲ್ಲಿ ಕೆಲವರಿಗೆ ನಾನೇ ಹಾಗೆ ಹೇಳಿದ್ದುಂಟು. ಇವತ್ತು ಇದನ್ನು ಹೇಳುವ ಮೊದಲು ತಮ್ಮನ ಹೆಂಡತಿಯನ್ನು ಕೇಳಿದೆ. ಆ ತಾಯಿ, "ಹೇಳ್ರಿ ಭಾವಾರ. ಮುಚ್ಚಿ ಮುಚ್ಚಿ ನನಗೂ ಸಾಕಾಗ್ಯದ" ಅಂದಳು.

ಬಂಧುಗಳೇ, ಕಾಲುವೆ ಒಡೆದರೆ ನಮ್ಮ ಇಲಾಖೆಯಲ್ಲಿ ತನಿಖೆ ನಡೆಯುತ್ತದೆ. ಏರಿ ಎಲ್ಲಿ ಕುಸಿಯಿತು, ಮೊದಲು ಎಲ್ಲಿ ಜಿನುಗುತ್ತಿತ್ತು, ಯಾರು ನೋಡಿದ್ದರು ಎಂದು ಕೇಳುತ್ತೇವೆ. ತಪ್ಪಿತಸ್ಥರನ್ನು ಹಿಡಿಯುವುದಕ್ಕಿಂತ ಮುಂದೆ ಇನ್ನೊಂದು ಕಡೆ ಒಡೆಯಬಾರದು ಎಂಬುದೇ ಅದರ ಉದ್ದೇಶ. ನನ್ನ ಮನೆಯಲ್ಲಿ ಏರಿ ಒಡೆದಾಗ ನಾನು ತನಿಖೆ ಮಾಡಲಿಲ್ಲ, ಮುಚ್ಚಿಹಾಕಿದೆ. ನಿವೃತ್ತನಾದ ಮೇಲೆ ಕೈಯಲ್ಲಿ ಸಮಯ ಬಂತು. ಈ ವಿಷಯದ ಮೇಲೆ ಮನಶ್ಶಾಸ್ತ್ರಜ್ಞರು ಬರೆದಿದ್ದನ್ನು ಹುಡುಕಿ ಹುಡುಕಿ ಓದಿದೆ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಇಂಥ ತನಿಖೆಯ ಕ್ರಮ ಅವರಲ್ಲೂ ಇದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1958ರಲ್ಲಿ ಆತ್ಮಹತ್ಯೆ ತಡೆ ಕೇಂದ್ರವೊಂದು ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಎಡ್ವಿನ್ ಶ್ನೀಡ್‌ಮನ್ ಮತ್ತು ಅವರ ಸಂಗಡಿಗರು, ತೀರಿಕೊಂಡವರ ಮನೆಗೆ ಹೋಗಿ, ಬಂಧುಗಳ ಜೊತೆ ಕೂತು, ಕೊನೆಯ ದಿನಗಳಲ್ಲಿ ಅವರು ಏನು ಮಾತಾಡಿದರು, ಹೇಗೆ ನಡೆದುಕೊಂಡರು ಎಂದು ಸಾವಧಾನವಾಗಿ ಕೇಳಿ ದಾಖಲಿಸುವ ವಿಧಾನ ರೂಪಿಸಿದರು. ಅದಕ್ಕೆ ಮಾನಸಿಕ ಮರಣೋತ್ತರ ಪರಿಶೀಲನೆ ಎನ್ನುತ್ತಾರೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್, ಡಾ. ಮೋಹನ್ ಐಸಾಕ್ ಮತ್ತು ಸಂಗಡಿಗರು ಇದೇ ಕೆಲಸವನ್ನು ಬೆಂಗಳೂರಿನಲ್ಲಿ ಮಾಡಿದರು. ಆತ್ಮಹತ್ಯೆಯಿಂದ ತೀರಿಕೊಂಡ 269 ಜನರ ಬದುಕನ್ನು ಬದುಕಿರುವ ಅಷ್ಟೇ ಜನರ ಬದುಕಿನ ಜೊತೆ ಹೋಲಿಸಿ ನೋಡಿದರು. 2004ರಲ್ಲಿ ಅದು ಪ್ರಕಟವಾಯಿತು. ಹಿಂದೆ ಒಮ್ಮೆ ಜೀವ ಕಳೆದುಕೊಳ್ಳಲು ಯತ್ನಿಸಿದ್ದು ಎಲ್ಲಕ್ಕಿಂತ ದೊಡ್ಡ ಅಪಾಯದ ಗುರುತಾಗಿ ಕಂಡಿತು. ಜೊತೆಗೆ ಮನೆಯ ಜಗಳ, ಕುಡಿತ, ಮಾನಸಿಕ ಕಾಯಿಲೆ, ದಿಢೀರನೆ ಬಂದ ಹಣದ ನಷ್ಟ, ಹೆಂಡತಿ-ಮಕ್ಕಳ ಮೇಲಿನ ಹೊಡೆತ ಬಡಿತ, ನಿರುದ್ಯೋಗ ಇದ್ದವು. ಮುಖ್ಯವಾದ ಮಾತೆಂದರೆ, ಇವು ಒಂದೊಂದಾಗಿ ಕೆಲಸ ಮಾಡುವುದಿಲ್ಲ. ಒಂದರ ಮೇಲೊಂದು ಕೂಡಿ, ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ.

ಇದು ನಮ್ಮ ರೈತರ ವಿಷಯದಲ್ಲಿ ಬಹಳ ಮುಖ್ಯ. 1998ರಲ್ಲಿ ಪಕ್ಕದ ಬೀದರ ಜಿಲ್ಲೆಯ ತೊಗರಿ ಬೆಳೆಗಾರರ ಸಾವುಗಳು ರಾಜ್ಯದ ಗಮನ ಸೆಳೆದವು. ಸಮಾಜ ವಿಜ್ಞಾನಿ ಎ. ಆರ್. ವಾಸವಿ ಅಲ್ಲಿ ಹೋಗಿ ನೋಡಿ 1999ರಲ್ಲೇ ಬರೆದರು. ಮಾರುಕಟ್ಟೆಯ ಏರಿಳಿತ, ಸರ್ಕಾರದ ಉದಾಸೀನ, ಬೀಜ-ಗೊಬ್ಬರದ ಅಂಗಡಿಯವನೇ ಸಾಲಗಾರನೂ ಸಲಹೆಗಾರನೂ ಆಗಿರುವುದು, ಹಿಂದೆ ಹತ್ತು ಜನ ಕೂಡಿ ಮಾಡುತ್ತಿದ್ದ ಒಕ್ಕಲುತನವನ್ನು ಇಂದು ಒಬ್ಬನೇ ತಲೆ ಮೇಲೆ ಹೊತ್ತಿರುವುದು, ಇವನ್ನು ಅವರು ತೋರಿಸಿದರು. ಮುಂದೆ ರಾಜ್ಯ ಸರ್ಕಾರ ನೇಮಿಸಿದ ಡಾ. ಜಿ. ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಸಾಲವೊಂದೇ ಕಾರಣವಲ್ಲ, ಕುಡಿತ, ಕುಟುಂಬದ ಕಲಹಗಳೂ ಇವೆ ಎಂದಿತು. ರೈತನ ಮೇಲೆಯೇ ತಪ್ಪು ಹೊರಿಸುತ್ತಿದ್ದೀರಿ ಎಂದು ರೈತ ಸಂಘಟನೆಗಳು ಸಿಟ್ಟಾದವು.

ಇಷ್ಟು ವರ್ಷದ ನಂತರ ನನಗೆ ಅನಿಸುವುದು ಇಷ್ಟು. ಕಾಲುವೆ ಏರಿ ಒಡೆದದ್ದಕ್ಕೆ ನೀರು ಜಾಸ್ತಿ ಬಂದದ್ದು ಕಾರಣವೋ, ಏರಿಯಲ್ಲಿ ಇಲಿ ಬಿಲ ಇದ್ದದ್ದು ಕಾರಣವೋ ಎಂದು ಜಗಳಾಡಿದಂತೆ ಇದು. ಎರಡೂ ನಿಜ. ನೀರಿನ ಒತ್ತಡ ಇಳಿಸುವುದು ಸರ್ಕಾರದ ಕೆಲಸ: ಬೆಲೆ, ವಿಮೆ, ಸಾಲ, ನೀರು. ಅದನ್ನು ಕೇಳುವ ಹಕ್ಕನ್ನು ನಾವು ಬಿಡಬಾರದು. ಆದರೆ ಏರಿಯ ಪಕ್ಕದಲ್ಲೇ ಮನೆ ಇರುವ ನಾವು, ಜಿನುಗುವುದನ್ನು ಕಂಡೂ ಸುಮ್ಮನಿದ್ದರೆ ಹೇಗೆ?

ಲೆಕ್ಕವನ್ನೂ ಸ್ವಲ್ಪ ಕೇಳಿ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಹೀಗೆ ತೀರಿಕೊಂಡರು. ಕರ್ನಾಟಕದಲ್ಲಿ 13,606. ಅಂದರೆ ನಮ್ಮ ರಾಜ್ಯವೊಂದರಲ್ಲೇ ದಿನಕ್ಕೆ ಸರಾಸರಿ ಮೂವತ್ತೇಳು ಮನೆ. ದೇಶದ ಒಟ್ಟು ಲೆಕ್ಕದಲ್ಲಿ ಕೌಟುಂಬಿಕ ಸಮಸ್ಯೆ ಎಂದು ಬರೆದದ್ದು ಶೇ. 31.7, ಕಾಯಿಲೆ ಎಂದು ಬರೆದದ್ದು ಶೇ. 18.4. ಪೊಲೀಸರು ಒಂದು ಸಾವಿಗೆ ಒಂದು ಕಾರಣ ಬರೆದುಕೊಳ್ಳುತ್ತಾರೆ. ಮನುಷ್ಯನ ಎದೆಯಲ್ಲಿ ಹಾಗೆ ಒಂದೇ ಖಾನೆ ಇರುವುದಿಲ್ಲ.

ಹಾಗಾದರೆ ಎದೆಯೊಳಗೆ ಏನು ನಡೆಯುತ್ತದೆ? ಶ್ನೀಡ್‌ಮನ್ ಹೇಳಿದ್ದು: ಸಾಯಬೇಕೆನ್ನುವವನಿಗೆ ನಿಜವಾಗಿ ಬೇಕಾದದ್ದು ಸಾವಲ್ಲ, ತಡೆಯಲಾಗದ ಮನಸ್ಸಿನ ನೋವು ನಿಲ್ಲಬೇಕು, ಅಷ್ಟೇ. ಬೇರೆ ದಾರಿ ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಕಾಣುವುದಿಲ್ಲ. ಥಾಮಸ್ ಜಾಯ್ನರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಒಂದು ಪುಸ್ತಕ ಬರೆದರು. ಅವರ ತಂದೆಯೂ ಹೀಗೇ ತೀರಿಕೊಂಡವರು. ಮೂರು ಎಳೆಗಳು ಕೂಡಿದಾಗ ಅಪಾಯ ಹೆಚ್ಚು ಎಂದು ಅವರು ಹೇಳುತ್ತಾರೆ. ಒಂದು, ನಾನು ಯಾರಿಗೂ ಸೇರಿದವನಲ್ಲ ಎಂಬ ಒಂಟಿತನ. ಎರಡು, ನಾನು ಮನೆಯವರಿಗೆ ಹೊರೆ, ನಾನಿಲ್ಲದಿದ್ದರೆ ಅವರೇ ಸುಖವಾಗಿರುತ್ತಾರೆ ಎಂಬ ತಪ್ಪು ಲೆಕ್ಕ. ಮೂರು, ನೋವಿಗೂ ಸಾವಿಗೂ ಇರುವ ಸಹಜ ಹೆದರಿಕೆ ಸವೆದುಹೋಗಿರುವುದು.

ಎರಡನೆಯದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. "ನಾ ಇರೂದ್ರಿಂದನ ನಿಮಗೆಲ್ಲಾ ವಜ್ಜಿ." ವಿಜ್ಞಾನಿಗಳು ನೂರಾರು ಜನರನ್ನು ಅಭ್ಯಾಸ ಮಾಡಿ ಕಂಡುಕೊಂಡದ್ದನ್ನು ನನ್ನ ತಮ್ಮ ನನ್ನ ಅಂಗಳದಲ್ಲೇ ಕೂತು ನಮ್ಮ ಮಾತಿನಲ್ಲೇ ಹೇಳಿದ್ದ. ಅವನು ಹೇಳಿದ್ದು ಹೊರೆಯ ಮಾತು, ನಾನು ಕೊಟ್ಟದ್ದು ಬಡ್ಡಿಯ ಉತ್ತರ.

ಮೂರನೆಯ ಎಳೆಯ ಬಗ್ಗೆ ತಾಯಂದಿರು ವಿಶೇಷವಾಗಿ ಕೇಳಬೇಕು. ಇತ್ತೀಚೆಗೆ ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ಹುಡುಗ-ಹುಡುಗಿಯರು ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವುದನ್ನು ಕೇಳುತ್ತಿದ್ದೇವೆ. ನನಗೆ ಪರಿಚಯದ ಒಂದು ಮನೆಯ ಹುಡುಗಿ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿಯನ್ನೇ ಹಾಕುತ್ತಿದ್ದಳು. ಅವಳು ಇದ್ದ ಹಾಸ್ಟೆಲಿನಲ್ಲಿ ವಿಷಯ ಗೊತ್ತಾದಾಗ ಎಲ್ಲರ ಮುಂದೆ ನಿಲ್ಲಿಸಿ ಬೈದು, ತಂದೆಯನ್ನು ಕರೆಸಿ, ಇದೆಲ್ಲ ನಾಟಕ ಎಂದು ಕಳಿಸಿಬಿಟ್ಟರು.

ಇದು ನಾಟಕವಲ್ಲ. ಹೀಗೆ ಗಾಯ ಮಾಡಿಕೊಳ್ಳುವ ಎಲ್ಲರಿಗೂ ಸಾಯುವ ಇಚ್ಛೆ ಇರುವುದಿಲ್ಲ ಎಂಬುದನ್ನು ಸಂಶೋಧನೆ ತೋರಿಸಿದೆ. ಒಳಗಿನ ಸಂಕಟ ತಡೆಯಲಾಗದಾಗ, ಅದನ್ನು ಮಾತಿನಲ್ಲಿ ಹೇಳಲು ಬಾರದಾಗ, ಮೈಯ ನೋವು ಆ ಗಳಿಗೆಗೆ ಮನಸ್ಸಿನ ನೋವನ್ನು ಮರೆಸುತ್ತದೆ. ಕೆಲವರು ತಮ್ಮನ್ನು ತಾವೇ ಶಿಕ್ಷಿಸಿಕೊಳ್ಳುತ್ತಿರುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಆತ್ಮಹತ್ಯೆಯ ಯತ್ನದಿಂದ ಬೇರೆಯಾಗಿ, ಇನ್ನಷ್ಟು ಅಭ್ಯಾಸ ಆಗಬೇಕಾದ ಸ್ಥಿತಿ ಎಂದು ಗುರುತಿಸಿತು. ಬೇರೆ ಎಂದ ಮಾತ್ರಕ್ಕೆ ಹಗುರವಾಗಿ ಕಾಣುವಂತಿಲ್ಲ. ಮೈಯನ್ನು ಮತ್ತೆ ಮತ್ತೆ ನೋಯಿಸಿಕೊಂಡವರಲ್ಲಿ ಆ ಹೆದರಿಕೆ ಸವೆಯುತ್ತ ಹೋಗುತ್ತದೆ, ಮುಂದೆ ಜೀವದ ಅಪಾಯ ಹೆಚ್ಚುತ್ತದೆ. ಬೈದರೆ ಆ ಮಗು ಗಾಯವನ್ನು ಮುಚ್ಚಿಡುವುದನ್ನು ಕಲಿಯುತ್ತದೆ, ಬಿಡುವುದನ್ನಲ್ಲ. "ನಿನಗ ಭಾಳ ತ್ರಾಸ ಆಗಿರಬೇಕು ಮಗಾ, ನನ್ನ ಮುಂದ ಹೇಳು" ಎಂದು ಪಕ್ಕದಲ್ಲಿ ಕೂತರೆ ಅದೇ ಮೊದಲ ಔಷಧಿ. ಆಮೇಲೆ ವೈದ್ಯರು. ಆ ಹುಡುಗಿಯ ತಾಯಿ ಹಾಗೆ ಕೂತಳು, ವೈದ್ಯರಿಗೆ ತೋರಿಸಿದಳು. ಹುಡುಗಿ ಈಗ ಓದು ಮುಂದುವರಿಸಿದ್ದಾಳೆ.

ಈಗ ನೀವು ಕೇಳಬಹುದು: ಇಷ್ಟೆಲ್ಲ ತಿಳಿದ ಮೇಲೆ, ಯಾರು ಹೀಗೆ ಮಾಡಿಕೊಳ್ಳುತ್ತಾರೆಂದು ಮೊದಲೇ ಹೇಳಬಹುದೇ? ಇಲ್ಲ. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಎಂಬವರು ತಮ್ಮ ಸಂಗಡಿಗರೊಂದಿಗೆ ಐವತ್ತು ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಈ ಗುರುತುಗಳಲ್ಲಿ ಯಾವುದೊಂದನ್ನೇ ಹಿಡಿದು ಒಬ್ಬ ವ್ಯಕ್ತಿಯ ಬಗ್ಗೆ ಭವಿಷ್ಯ ಹೇಳುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಮೇಲು ಎಂದು ಅವರು ಪ್ರಾಮಾಣಿಕವಾಗಿ ಬರೆದರು.

ಇದನ್ನು ಓದಿ ಮೊದಲು ನನಗೆ ನಿರಾಶೆಯಾಯಿತು. ಆಮೇಲೆ ನನ್ನ ಕಾಯಕವೇ ನನಗೆ ಉತ್ತರ ಹೇಳಿತು. ಯಾವ ವರ್ಷ, ಯಾವ ದಿನ ಮಹಾಪೂರ ಬರುತ್ತದೆಂದು ಯಾವ ಇಂಜಿನಿಯರನೂ ಹೇಳಲಾರ. ಅದಕ್ಕೆಂದು ನಾವು ಕೈಕಟ್ಟಿ ಕೂರುತ್ತೇವೆಯೇ? ಕೆರೆ ಕಟ್ಟುವಾಗಲೇ ಕೋಡಿ ಬಿಡುತ್ತೇವೆ. ನಮ್ಮ ಹಿರಿಯರು ಕಟ್ಟಿದ ಕೆರೆಗಳಿಗೆ ಕೋಡಿ ಇದೆ. ನಾರಾಯಣಪುರದ ಬಸವಸಾಗರಕ್ಕೆ ಗೇಟುಗಳಿವೆ. ಬಂದ ನೀರು ಹೋಗಲು ದಾರಿ ಇದ್ದರೆ ಒಡ್ಡು ಉಳಿಯುತ್ತದೆ. ಯಾರಿಗೆ ಯಾವಾಗ ಎಂದು ತಿಳಿಯದಿದ್ದರೆ, ಎಲ್ಲರಿಗೂ ಎಲ್ಲ ಕಾಲಕ್ಕೂ ಕೋಡಿ ಇಡಬೇಕು. ಆ ಕೋಡಿ ಯಾವುದು? ಸಂಶೋಧನೆಗಳಿಂದ ನಾನು ಹೆಕ್ಕಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಬಾಯಿಬಿಟ್ಟು ಕೇಳುವುದು. ಸಾಯುವ ಮಾತು ನಾವಾಗಿ ಎತ್ತಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತೆ ಎಂದು ನಮ್ಮಲ್ಲಿ ಹೆದರಿಕೆ. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಈ ಪ್ರಶ್ನೆ ಕೇಳಿ, ಉಳಿದವರಿಗೆ ಕೇಳದೆ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೇಳಿದ್ದರಿಂದ ಯಾರ ಸಂಕಟವೂ ಹೆಚ್ಚಲಿಲ್ಲ. ಮೊದಲೇ ನೊಂದಿದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆಯಿತು. ಹಾಗಾಗಿ, ಮಾತು ಬಿಟ್ಟವನನ್ನು, ನಿದ್ದೆ ಬಿಟ್ಟವನನ್ನು, ಇದ್ದಕ್ಕಿದ್ದಂತೆ ಕುಡಿತ ಹೆಚ್ಚಿಸಿದವನನ್ನು, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದವನನ್ನು, ಹೊರೆಯ ಮಾತಾಡುವವನನ್ನು ನೇರವಾಗಿ ಕೇಳಿ: "ತಮ್ಮಾ, ಜೀವ ಬ್ಯಾಸರಾಗ್ಯದೇನು? ಸಾಯಬೇಕು ಅನಸ್ತದೇನು?" ಕೇಳಿದ ಮೇಲೆ ಉಪದೇಶ ಮಾಡಬೇಡಿ. ನಿನ್ನ ಹೆಂಡತಿ-ಮಕ್ಕಳ ಗತಿ ಏನು ಎಂದು ಗದರಿಸಬೇಡಿ. ಅವನು ಹೇಳುವುದನ್ನು ಕೇಳಿ. ಹೌದು ಅಂದರೆ ಒಬ್ಬನನ್ನೇ ಬಿಟ್ಟು ಏಳಬೇಡಿ.

ಎರಡನೆಯದು, ಕೈ ಬಿಡದಿರುವುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾ. ಜೆರೋಮ್ ಮೋಟೋ ಎಂಬವರು, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧ ಜನರಿಗೆ ಐದು ವರ್ಷ ಕಾಲ ಆಗಾಗ ಒಂದು ಪುಟ್ಟ ಕಾಗದ ಬರೆದರು. ಉಪದೇಶವಿಲ್ಲ, ಒತ್ತಾಯವಿಲ್ಲ, ಚೆನ್ನಾಗಿದ್ದೀರಾ ಎಂಬಷ್ಟೇ ಮಾತು. ಮೊದಲ ಎರಡು ವರ್ಷಗಳಲ್ಲಿ ಕಾಗದ ಪಡೆದವರಲ್ಲಿ ಸಾವು ಕಡಿಮೆ ಇತ್ತು. ಇನ್ನು ನಮ್ಮ ಕಡೆಯದೇ ಪ್ರಯೋಗ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಚೆನ್ನೈ ಒಂದು ಕೇಂದ್ರವಾಗಿತ್ತು. ಅಲ್ಲಿ ಇದನ್ನು ನಡೆಸಿದವರು, 1986ರಲ್ಲಿ ಸ್ನೇಹಾ ಎಂಬ ಸಹಾಯ ಸಂಸ್ಥೆ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್. ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದ 1,867 ಜನರಲ್ಲಿ ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ತಿಳಿವಳಿಕೆ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಮನೆಗೆ ಹೋಗಿಯೋ ಫೋನಿನಲ್ಲಿಯೋ ವಿಚಾರಿಸುವುದು. 2008ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನಲ್ಲಿ 18 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಎರಡನೆಯದರಲ್ಲಿ 2. ಮುಂದೆ ಬೇರೆ ಕಡೆ ನಡೆದ ಎಲ್ಲ ಪ್ರಯೋಗಗಳೂ ಇಷ್ಟು ಫಲ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಒಂಬತ್ತು ಭೇಟಿಗೆ ಬೇಕಾದದ್ದು ದೊಡ್ಡ ಯಂತ್ರವೇ? ಕಾಲು, ಸಮಯ, ಕಾಳಜಿ. ದಾಸೋಹ ಎಂದರೆ ಇದೂ ಅಲ್ಲವೇ?

ಇದಕ್ಕೆ ಸೇರಿದ ಇನ್ನೊಂದು ವಿಧಾನವಿದೆ, ಸುರಕ್ಷತಾ ಯೋಜನೆ ಎನ್ನುತ್ತಾರೆ. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ, ಗ್ರೆಗ್ ಬ್ರೌನ್ ರೂಪಿಸಿದ್ದು. ನೊಂದವನ ಜೊತೆ ಕೂತು ಒಂದು ಚೀಟಿ ಬರೆಯುವುದು: ಮನಸ್ಸು ಕೆಡುತ್ತಿದೆ ಎಂಬುದರ ಗುರುತೇನು, ಆಗ ನಾನೇ ಏನು ಮಾಡಬಲ್ಲೆ, ಯಾರ ಬಳಿ ಹೋಗಿ ಕೂತರೆ ಹಗುರಾಗುತ್ತದೆ, ಯಾರನ್ನು ಸಹಾಯ ಕೇಳಲಿ, ಯಾವ ವೈದ್ಯರಿಗೆ ಫೋನು ಮಾಡಲಿ, ಮನೆಯಲ್ಲಿ ಯಾವ ಅಪಾಯದ ವಸ್ತು ದೂರ ಇಡಬೇಕು. 2018ರ ಒಂದು ಅಧ್ಯಯನದಲ್ಲಿ, ಇಂಥ ಚೀಟಿ ಬರೆಸಿ ಆಮೇಲೆ ಫೋನಿನಲ್ಲಿ ವಿಚಾರಿಸಿದ ರೋಗಿಗಳಲ್ಲಿ ಆರು ತಿಂಗಳೊಳಗೆ ಮತ್ತೆ ಯತ್ನಿಸುವುದು ಸುಮಾರು ಶೇ. 45ರಷ್ಟು ಕಡಿಮೆ ಇತ್ತು. ನನ್ನ ತಮ್ಮನ ಕಿಸೆಯಲ್ಲೂ ಒಂದು ಚೀಟಿ ಇತ್ತು. ಅದರಲ್ಲಿ ಬರೀ ಅಂಕಿಗಳಿದ್ದವು, ಒಂದೂ ಹೆಸರಿರಲಿಲ್ಲ. ನನ್ನ ಹೆಸರೂ ಇರಲಿಲ್ಲ.

ಮೂರನೆಯದು, ಅಪಾಯವನ್ನು ಕೈಗೆಟುಕದಂತೆ ಇಡುವುದು. ಸಾಯುವ ಆವೇಗ ಬಹಳ ಸಲ ಕೆಲವು ಗಳಿಗೆಗಳದು. ಆ ಗಳಿಗೆ ದಾಟಿಸಿದರೆ ಎಷ್ಟೋ ಜನ ಪೂರ್ಣಾಯುಷ್ಯ ಬದುಕುತ್ತಾರೆ. ಶ್ರೀಲಂಕಾ ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1990ರ ದಶಕದ ನಡುವಿನಿಂದ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಬೆಳೆ ಇಳುವರಿಯೇನೂ ಕುಸಿಯಲಿಲ್ಲ. ಅದೇ ದೇಶದ 180 ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು, 2017ರಲ್ಲಿ ಫಲಿತಾಂಶ ಬಂತು, ಪ್ರಯೋಜನ ಕಾಣಲಿಲ್ಲ. ಪಾಠ ಸ್ಪಷ್ಟ: ಬೀಗದ ಮೇಲೆ ಭರವಸೆ ಇಡುವುದಕ್ಕಿಂತ ಅಂಥ ವಸ್ತು ಮನೆಯಲ್ಲೇ ಇರದಂತೆ ನೋಡಿಕೊಳ್ಳಬೇಕು. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ನಾವು ಹಂಗಾಮು ಮುಗಿದ ಮೇಲೂ ಉಳಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಬೇಕಾದಷ್ಟೇ ತನ್ನಿ, ಮನೆಯೊಳಗೆ ಇಡಬೇಡಿ. ಮನೆಯಲ್ಲಿ ಯಾರಾದರೂ ಮನಸ್ಸು ಕೆಡಿಸಿಕೊಂಡಿದ್ದರೆ ಅವತ್ತೇ ಹೊರಗೆ ಸಾಗಿಸಿ.

ನಾಲ್ಕನೆಯದು, ವೈದ್ಯರು. ಪೂಜೆ, ಧ್ಯಾನ, ಇಷ್ಟಲಿಂಗದ ಅನುಸಂಧಾನ ಮನಸ್ಸಿಗೆ ಬಲ ಕೊಡುತ್ತವೆ, ನಿಜ. ಆದರೆ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಖಿನ್ನತೆಗೆ ಗುಳಿಗೆ ಬೇಡ ಎನ್ನುವುದೇಕೆ? ನಮ್ಮ ಸೀಮೆಗೆ ಈ ವಿಷಯದಲ್ಲಿ ಹೆಮ್ಮೆಯ ಚರಿತ್ರೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1985ರಿಂದ 1990ರವರೆಗೆ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಈಗಲೇ ಮೊಬೈಲಿನಲ್ಲಿ ಬರೆದುಕೊಳ್ಳಿ. ದುಡಿಯಲು ಬೆಂಗಳೂರು, ಮುಂಬಯಿಗೆ ಗುಳೆ ಹೋದ ನಿಮ್ಮ ಮಕ್ಕಳಿಗೂ ಕಳಿಸಿ. ಒಂಟಿತನ ಅಲ್ಲಿ ಇನ್ನೂ ಹೆಚ್ಚು.

ಕಾನೂನಿನ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರೂ ಇದ್ದಾರೆ. ಹಳೆಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಯತ್ನಿಸಿದವನೇ ಅಪರಾಧಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ದೃಷ್ಟಿಯನ್ನು ಬದಲಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಮಾಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಆದ್ದರಿಂದ ಹೆದರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾನೂನು ಬದಲಾಯಿತು. ನಮ್ಮ ಮನಸ್ಸು? ಮಠದ ಭಕ್ತರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಇಂಥ ಸಾವಾದ ಮನೆಗೆ ಹೋಗಲು ಹಿಂದೆಮುಂದೆ ನೋಡುತ್ತೇವೆ. ಕ್ರಿಯಾ ಸಮಾಧಿಗೆ ಕರೆದರೆ ಇಂಥವರಿಗೆ ವಿಭೂತಿ ಹಚ್ಚುವುದು ಹೇಗೆ ಎಂದು ಪಿಸುಗುಡುತ್ತೇವೆ. ಮಹಾಪಾಪ, ನರಕ ಎಂದು ವೇದಿಕೆಯಿಂದ ಹೆದರಿಸುತ್ತೇವೆ. ಸ್ವರ್ಗ-ನರಕ ಇನ್ನೊಂದು ಲೋಕದಲ್ಲಿವೆ ಎಂಬುದನ್ನೇ ಒಪ್ಪದ ಶರಣರ ಹೆಸರಿನಲ್ಲಿ ನರಕದ ಹೆದರಿಕೆ ಹಾಕುವುದು ಸರಿಯೇ? ಬದುಕೇ ನರಕವಾಗಿ ಕಂಡವನಿಗೆ ಆ ಹೆದರಿಕೆಯಿಂದ ಆಗುವುದೇನು? ಹೆದರಿದವನು ಬಾಯಿ ಮುಚ್ಚುತ್ತಾನೆ, ಅಷ್ಟೇ. ಕಾಯವನ್ನು ಕೀಳಾಗಿ ಕಾಣದೆ ಅದರ ಮೇಲೆಯೇ ಇಷ್ಟಲಿಂಗ ಧರಿಸಲು ಕಲಿಸಿದ ಧರ್ಮ ನಮ್ಮದು. ಕೂಲಿ ಮಾಡುವವನನ್ನೂ ದೋಣಿ ನಡೆಸುವವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೀನೇನು ಹೇಳುತ್ತೀ ಎಂದು ಕೇಳಿದ್ದು ಅನುಭವ ಮಂಟಪ. ಆ ಪರಂಪರೆಯವರು ನಾವು ನಮ್ಮ ಮನೆಯವನನ್ನೇ ಕೇಳದೆ ಹೋದೆವು.

ನನ್ನ ವಿನಂತಿ ಚಿಕ್ಕದು. ಪ್ರತಿ ತಿಂಗಳು ಈ ಗೋಷ್ಠಿಗೆ ಬರುವವರಲ್ಲಿ ಹತ್ತು ಜನ, ಅದರಲ್ಲಿ ಐವರು ತಾಯಂದಿರು, ಮುಂದೆ ಬರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಂದ ತರಬೇತಿ ಕೇಳಿ ಪಡೆಯೋಣ. ಯತ್ನಿಸಿ ಬದುಕುಳಿದವರ ಮನೆಗೆ, ಅವರ ಒಪ್ಪಿಗೆ ಪಡೆದು, ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಹೋಗೋಣ. ಇಂಥ ಸಾವಾದ ಮನೆಗೂ ಹೋಗೋಣ, ಏಕೆಂದರೆ ಅಲ್ಲಿ ಉಳಿದವರೂ ಅಪಾಯದಲ್ಲಿರುತ್ತಾರೆ. ಯಾರ ವಿಷಯವನ್ನೂ ಹೊರಗೆ ಆಡದಿರುವ ನೇಮ ಇರಲಿ. ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಮೊಣಕಾಲು ನೋವಿದೆ, ಆದರೂ ಬರುತ್ತೇನೆ.

ಮುಗಿಸುತ್ತೇನೆ. ಅಂದು ಆ ಕಾರ್ಡಿನಲ್ಲಿ ನಾನು ಅಚ್ಚು ಹಾಕಿಸಿದ ಎರಡು ಪದಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ. ಹೃದಯಾಘಾತ ಸುಳ್ಳು. ಲಿಂಗೈಕ್ಯ ನಿಜ. ಹೇಗೆ ಸತ್ತ ಎಂಬ ಕಾರಣಕ್ಕೆ ಆ ಪದವನ್ನು ನನ್ನ ತಮ್ಮನಿಂದ ಯಾರೂ ಕಿತ್ತುಕೊಳ್ಳಲಾರರು. ಇಂದು ರಾತ್ರಿ ಮನೆಗೆ ಹೋದ ಮೇಲೆ, ಮನೆಯಲ್ಲಿ ಸುಮ್ಮನೆ ಕೂತವರು ಯಾರಾದರೂ ಇದ್ದರೆ, ಪಕ್ಕದಲ್ಲಿ ಹೋಗಿ ಕೂತು ಕೇಳಿ. ಹಾಳೆ, ಪೆನ್ನು ಆಮೇಲೆ ತೆಗೆದರಾಯಿತು.